ಗಾಜಿನ ಬೆಲೆ

ಹಣವನ್ನು ಖರ್ಚು ಮಾಡುವುದು ಅಷ್ಟೇನೂ ಕಷ್ಟವಲ್ಲ. ಎಷ್ಟು ಖರ್ಚು ಮಾಡಬೇಕೆಂಬುದನ್ನು ನಿಶ್ಚಯಿಸುವುದೇ ಕಷ್ಟ. ಅಕ್ಕಿ, ಬೇಳೆ, ಸೀರೆಗಳ ವಿಷಯದಲ್ಲಿ ನಮ್ಮ ಗೃಹಿಣಿಯರಿಗೆ ಈ ತೊಂದರೆಯಿಲ್ಲ. ಬೆರಳಿನಿಂದ ಉಜ್ಜಿ, ಮೂಸಿ, ಬೆಳಕಿಗೆ ಹಿಡಿದು, ಬೆಲೆಗೆ ತಕ್ಕ ವಸ್ತು ಹೌದೋ ಅಲ್ಲವೋ ಎಂದು ಅವರು ಕ್ಷಣಾರ್ಧದಲ್ಲಿ ತೀರ್ಪು ಕೊಡಬಲ್ಲರು. ಆದರೆ ಹಿಂದೆಂದೂ ಮನೆಯ ಹೊಸ್ತಿಲು ದಾಟದ ವಸ್ತುವನ್ನು ಕೊಳ್ಳಹೊರಟಾಗ ಎಲ್ಲರೂ ಸಮಾನರಾಗಿ ಅಜ್ಞಾನಿಗಳೇ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಆಗ ನೆನಪಾಗುವುದುಂಟು. ಆದರೆ ಅದು ನಮ್ಮ ಹಾಸಿಗೆಯ ಉದ್ದವನ್ನಷ್ಟೇ ಹೇಳುತ್ತದೆ. ಕಾಲನ್ನು ಎಷ್ಟು ಚಾಚಿದರೆ ಸಾಕೆಂಬುದನ್ನು ಹೇಳುವುದಿಲ್ಲ.

ಅಂಥ ವಸ್ತುಗಳಲ್ಲಿ ದುರ್ಬೀನು ಒಂದು. ಅದರ ಬೆಲೆಯ ಪ್ರಶ್ನೆ ನಮ್ಮ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಎರಡು ರೂಪಗಳಲ್ಲಿ ಬಂದಿತು. ಮೊದಲನೆಯದು ಕೋವಿಯ ರೂಪದಲ್ಲಿ.

ಅವರ ಮನೆ ಅಂಕೋಲಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಅವರ ತಂದೆಯವರ ಹತ್ತಿರ ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಹಳೆಯ ಕೇಪಿನ ಕೋವಿಯೊಂದು ಉಂಟು. ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯುವಂಥದು. ಅಮೆರಿಕಾದಲ್ಲಿರುವ ಮೊಮ್ಮಗ ಊರಿಗೆ ಬಂದವನು, ಅಲ್ಲಿಯ ಬೇಟೆಗಾರರ ಸುದ್ದಿಯನ್ನೆಲ್ಲ ಹೇಳಿ, “ಅಜ್ಜ, ನಿಮ್ಮ ಕೋವಿಗೂ ಒಂದು ದುರ್ಬೀನು ಹಾಕಿಸೋಣ. ಅಲ್ಲಿ ಕೋವಿಗೆ ಎಷ್ಟು ಕೊಡುತ್ತಾರೋ ಗಾಜಿಗೂ ಅಷ್ಟೇ ಕೊಡುತ್ತಾರೆ” ಎಂದನಂತೆ. ಅಜ್ಜನವರು ಎಲೆಯಡಿಕೆಯನ್ನು ಒಂದು ಬದಿಗೆ ತಳ್ಳಿ, “ತಮ್ಮಾ, ನನ್ನ ಕೋವಿ ಮುಟ್ಟುವಷ್ಟು ದೂರ ನನ್ನ ಕಣ್ಣಿಗೇ ಕಾಣಿಸ್ತದೆ. ಕಣ್ಣಿಗೆ ಕಾಣದಷ್ಟು ದೂರ ಅದು ಮುಟ್ಟುವುದೇ ಇಲ್ಲ. ನಡುವೆ ಈ ಗಾಜಿಗೆ ಏನು ಕೆಲಸ?” ಎಂದರಂತೆ.

ಉತ್ತರ ಯಥಾರ್ಥವಾದದ್ದು. 1959ರ ಆಯುಧ ಕಾಯಿದೆಯು ಬೆಳೆಗಾರನಿಗೆಂದು ಪ್ರತ್ಯೇಕವಾಗಿ ಹೆಸರಿಸುವುದು ಇಂಥ ಮದ್ದು ತುಂಬುವ ಕೋವಿಯನ್ನೇ ಹೊರತು ದೂರ ಹೊಡೆಯುವ ರೈಫಲನ್ನಲ್ಲ. ಅದರ ಕೆಲಸವೂ ಬಹುಮಟ್ಟಿಗೆ ಸದ್ದು ಮಾಡಿ ಹಂದಿಯನ್ನು ಓಡಿಸುವುದಷ್ಟೇ. ಬೆಳೆ ತಿನ್ನಬಂದ ಕಾಡುಪ್ರಾಣಿಯನ್ನು ಕೊಲ್ಲುವುದಕ್ಕೂ ಅರಣ್ಯ ಇಲಾಖೆಯ ಅಧಿಕೃತ ಅಪ್ಪಣೆ ಬೇಕು. ಇನ್ನು ವಿನೋದದ ಬೇಟೆಯ ಮಾತಂತೂ ಮುಗಿದ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದರ ಬಾಗಿಲನ್ನು ಬಹುಪಾಲು ಮುಚ್ಚಿತು. 1991ರ ತಿದ್ದುಪಡಿ ಉಳಿದ ಸಂದನ್ನೂ ಮುಚ್ಚಿತು. ಆದ್ದರಿಂದ ಕೋವಿಯ ದುರ್ಬೀನಿಗೆ ಎಷ್ಟು ಹಣ ಹಾಕಬೇಕೆಂಬ ಪ್ರಶ್ನೆಗೆ ನಮ್ಮ ಜಿಲ್ಲೆಯ ಮಟ್ಟಿಗೆ ಉತ್ತರ ಸುಲಭ: ಒಂದು ಕಾಸನ್ನೂ ಹಾಕಬೇಕಾಗಿಲ್ಲ.

ಹಾಗೆಂದ ಮಾತ್ರಕ್ಕೆ ಆ ಮೊಮ್ಮಗನ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕೋವಿಗೆಷ್ಟೋ ಗಾಜಿಗೂ ಅಷ್ಟು ಎಂಬ ಬೇಟೆಗಾರರ ನಿಯಮದ ಹಿಂದೆ ಒಂದು ವಿವೇಕ ಅಡಗಿದೆ. ಪ್ರಾಣಿಗಳು ಮರೆಯಿಂದ ಹೊರಬರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಅಗ್ಗದ ಗಾಜು ಮಂಜಾಗುವುದೂ ಅದೇ ಹೊತ್ತಿಗೆ. ಕೋವಿ ಸಿಡಿದಾಗಲೆಲ್ಲ ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಅಗ್ಗದ ದುರ್ಬೀನಿನ ಒಳಗಿನ ಗಾಜು ಕದಲಿ, ಹೊಂದಿಸಿಟ್ಟ ಗುರಿ ತಪ್ಪುತ್ತದೆ. ಗುರಿ ತಪ್ಪಿದರೆ ಬೇಟೆಗಾರನಿಗೆ ಹೋಗುವುದು ಒಂದು ಗುಂಡು ಮಾತ್ರ. ಗಾಯಗೊಂಡ ಪ್ರಾಣಿಗೆ ಹೋಗುವುದು ಬೇರೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿ ನಾನೂರಕ್ಕೂ ಮಿಕ್ಕ ಜನರನ್ನು ತಿಂದಿತ್ತೆಂದು ಲೆಕ್ಕ. ಅದರ ಬಾಯಿಯನ್ನು ತೆರೆದು ನೋಡಿದಾಗ ಬಲಗಡೆಯ ಕೋರೆಹಲ್ಲುಗಳೆರಡೂ ಹಳೆಯ ಗುಂಡೇಟಿನಿಂದ ಮುರಿದಿದ್ದವು. ಯಾರೋ ಒಬ್ಬನು ಎಂದೋ ತಪ್ಪಿ ಹೊಡೆದ ಗುಂಡಿಗೆ ಬೆಲೆ ತೆತ್ತವರು, ಅವನ ಹೆಸರನ್ನೂ ಕೇಳದ ಹಳ್ಳಿಯ ಹೆಂಗಸರು ಮಕ್ಕಳು.

ಆದುದರಿಂದ ವಸ್ತುವೊಂದಕ್ಕೆ ಎಷ್ಟು ಹಣ ಕೊಡಬೇಕೆಂದು ತಿಳಿಯದಾದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ವಸ್ತು ಕೈಕೊಟ್ಟರೆ ಅದರ ಬೆಲೆಯನ್ನು ತೆರುವವರು ಯಾರು?

ಈಗ ದುರ್ಬೀನಿನ ಎರಡನೆಯ ರೂಪಕ್ಕೆ ಬರೋಣ. ಕಾಳೀ ನದಿಯ ದಂಡೆಯ ಕೈಗಾ ಎಂದೊಡನೆ ನಮ್ಮೆಲ್ಲರಿಗೂ ನೆನಪಾಗುವುದು ಅಣುವಿದ್ಯುತ್ ಕೇಂದ್ರ. 2000ದಲ್ಲಿ ಎರಡು, 2007 ಮತ್ತು 2011ರಲ್ಲಿ ಒಂದೊಂದು, ಹೀಗೆ ನಾಲ್ಕು ಘಟಕಗಳು ಅಲ್ಲಿ ವಿದ್ಯುತ್ ಕೊಡತೊಡಗಿದವು. ಮೊದಲನೆಯ ಘಟಕವು 962 ದಿನ ಎಡೆಬಿಡದೆ ನಡೆದು 2018ರಲ್ಲಿ ಜಗತ್ತಿನ ದಾಖಲೆಯನ್ನೇ ಮುರಿಯಿತು. ಇಷ್ಟು ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಅದೇ ಕೇಂದ್ರದ ಸುತ್ತಣ ಕಾಡಿನಲ್ಲಿ ‘ಕೈಗಾ ಬರ್ಡ್ ಮ್ಯಾರಥಾನ್’ ಎಂಬ ಹೆಸರಿನಿಂದ ಹಕ್ಕಿಗಳ ಎಣಿಕೆ ನಡೆಯುತ್ತ ಬಂದಿರುವುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ನಸುಕಿನಲ್ಲಿ ತಂಡತಂಡವಾಗಿ ಹೊರಟು, ಕಂಡ ಹಕ್ಕಿಗಳ ಜಾತಿಗಳನ್ನು ಪಟ್ಟಿ ಮಾಡುವ ಕೆಲಸವದು. ಓಟವೇನೂ ಇಲ್ಲ, ಓಡಿದವನಿಗೆ ಹಕ್ಕಿಗಳು ಕಾಣುವುದೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಹಕ್ಕಿಗಳ ಪಟ್ಟಿ ಮಾಡುವುದು ಹೊಸತಲ್ಲ. ಕಾರವಾರದಲ್ಲಿ ಕಲೆಕ್ಟರರಾಗಿದ್ದ ಜೇಮ್ಸ್ ಡೇವಿಡ್ಸನ್ 1898ರಲ್ಲಿಯೇ ಉತ್ತರ ಕನ್ನಡದ ಹಕ್ಕಿಗಳನ್ನು ಕುರಿತು ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದರು. ಆದರೆ ಆ ಕಾಲದ ವಿದ್ವಾಂಸರಿಗೆ ಹಕ್ಕಿಯ ಗುರುತು ಖಚಿತವಾಗುತ್ತಿದ್ದುದು ಅದು ಸತ್ತು ಅಂಗೈಯ ಮೇಲೆ ಮಲಗಿದ ಮೇಲೆಯೇ. ಸಲೀಂ ಅಲಿಯವರ ಜೀವನವನ್ನು ತಿರುಗಿಸಿದ ಕುತ್ತಿಗೆಯ ಹಳದಿ ಕಲೆಯ ಗುಬ್ಬಚ್ಚಿಯೂ, 1908ರಲ್ಲಿ ಅವರು ಹುಡುಗರಾಗಿದ್ದಾಗ ಗಾಳಿಕೋವಿಯಿಂದ ಹೊಡೆದುರುಳಿಸಿದ್ದೇ. ಮುಂದೆ 1934ರಲ್ಲಿ ಅಮೆರಿಕಾದ ರೋಜರ್ ಟೋರಿ ಪೀಟರ್ಸನ್, 1941ರಲ್ಲಿ ನಮ್ಮ ಸಲೀಂ ಅಲಿ, ಹಕ್ಕಿಗಳನ್ನು ದೂರದಿಂದಲೇ ಗುರುತಿಸುವಂಥ ಚಿತ್ರಸಹಿತ ಪುಸ್ತಕಗಳನ್ನು ಸಾಮಾನ್ಯ ಜನರ ಕೈಗಿತ್ತರು. ಕೋವಿ ಮಾಡುತ್ತಿದ್ದ ಕೆಲಸವನ್ನು ಕ್ರಮೇಣ ಗಾಜು ವಹಿಸಿಕೊಂಡಿತು.

ಈ ಎಣಿಕೆಗೆ ಹೋಗಬೇಕೆಂದು ನಮ್ಮ ಸಹೋದ್ಯೋಗಿಗಳ ಮಗಳು ಹಟ ಹಿಡಿದಳು. ಕಾಲೇಜಿನ ಹುಡುಗಿ; ಕನ್ನಡಕ ಹಾಕುವವಳು. ತಂದೆಯವರು ಬಜಾರಿನಲ್ಲಿ 1,500 ರೂಪಾಯಿಯ ದುರ್ಬೀನೊಂದನ್ನು ನೋಡಿಟ್ಟಿದ್ದರು. ಪೆಟ್ಟಿಗೆಯ ಮೇಲೆ ‘20×50’ ಎಂದು ದೊಡ್ಡದಾಗಿ ಅಚ್ಚಾಗಿತ್ತು. “ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತದಂತೆ, ಬೆಲೆಯೂ ಕಡಿಮೆ. ಇನ್ನೇನು ಬೇಕು?” ಎಂದರು. ಮಗಳು, “ಅಪ್ಪಾ, ಅದರಲ್ಲಿ ಹಕ್ಕಿ ಕಾಣುವುದಿಲ್ಲ, ನಿಮ್ಮ ಕೈ ನಡುಗುವುದು ಕಾಣುತ್ತದೆ” ಎಂದಳು. ಅವಳ ಮಾತಿನಲ್ಲಿ ಉದ್ಧಟತನ ಸ್ವಲ್ಪ ಇದ್ದರೂ ಭೌತಶಾಸ್ತ್ರವೂ ಇತ್ತು. ಸಾಮಾನ್ಯವಾಗಿ ಹತ್ತು ಪಟ್ಟಿಗಿಂತ ಹೆಚ್ಚಾದರೆ ಕೈಯ ಕಂಪವೂ ಅಷ್ಟೇ ಪಟ್ಟು ಹಿಗ್ಗಿ, ಮುಕ್ಕಾಲಿಯಿಲ್ಲದೆ ನೋಡುವುದು ದುಸ್ಸಾಧ್ಯವಾಗುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳ ಅರ್ಥವನ್ನು ತಿಳಿದುಕೊಂಡರೆ ಅರ್ಧ ಕಷ್ಟ ಕಳೆಯಿತು. 8×42 ಎಂದರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜಿನ ಅಡ್ಡಳತೆ 42 ಮಿಲಿಮೀಟರು ಇರುವ ದುರ್ಬೀನು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿರಿ: ಐದೂಕಾಲು ಬಂತು. ಕಣ್ಣಿಗೆ ಬಂದು ಸೇರುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿಲಿಮೀಟರು. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗುವುದರಿಂದ ಯಾವ ದುರ್ಬೀನಾದರೂ ನಡೆದೀತು. ಆದರೆ ಕೈಗಾದ ಕಾಡಿನ ನಸುಕಿನಲ್ಲಿ ಪಾಪೆ ಐದಾರು ಮಿಲಿಮೀಟರಿಗೆ ಅರಳುತ್ತದೆ. ಬಜಾರಿನ 20×50ನ್ನು ಭಾಗಿಸಿ ನೋಡಿ: ಎರಡೂವರೆ! ಅರಳಿದ ಕಣ್ಣಿಗೆ ಅರ್ಧ ಉಪವಾಸ.

ಎರಡನೆಯ ಸಂಗತಿ ಗಾಜಿನ ಲೇಪ. ಲೇಪವಿಲ್ಲದ ಗಾಜಿನ ಒಂದೊಂದು ಮೈಯನ್ನು ಹೊಕ್ಕು ಹೊರಡುವಾಗಲೂ ಬೆಳಕು ನೂರಕ್ಕೆ ಸುಮಾರು ನಾಲ್ಕರಷ್ಟು ಸುಂಕ ತೆರುತ್ತದೆ. ಅಂಥ ಹನ್ನೆರಡು ಮೈಗಳನ್ನು ದಾಟುವ ಹೊತ್ತಿಗೆ ನೂರರಲ್ಲಿ ಉಳಿಯುವುದು 61 ಪಾಲು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಎಂಬ ವಿಜ್ಞಾನಿ ಗಾಜಿಗೆ ತೆಳುವಾದ ಲೇಪ ಹಚ್ಚಿ ಈ ಸುಂಕವನ್ನು ಇಳಿಸುವ ಉಪಾಯವನ್ನು ಕಂಡುಹಿಡಿದರು. ಇಂದಿನ ಹಲವು ಪದರಗಳ ಲೇಪದಲ್ಲಿ ನಷ್ಟ ನೂರಕ್ಕೆ ಅರ್ಧ ಪಾಲಿನಷ್ಟಕ್ಕೆ ಇಳಿದು, ಅದೇ ಹನ್ನೆರಡು ಮೈಗಳ ಆಚೆ 94 ಪಾಲು ಬೆಳಕು ಉಳಿಯುತ್ತದೆ. ಬೆಲೆಯ ಬಹುಭಾಗ ಹೋಗುವುದು ಹೀಗೆ ಅಂಗಡಿಯ ದೀಪದಡಿಯಲ್ಲಿ ಕಾಣದ ಗುಣಗಳಿಗೆ. ಹೊರಮೈ ನೋಡಿ ಗಾಜನ್ನು ಕೊಳ್ಳುವುದು, ಚೀಲ ನೋಡಿ ಅಕ್ಕಿಯನ್ನು ಕೊಂಡಂತೆ.

ಮೂರನೆಯದು ಮಳೆ. ನಮ್ಮ ಕರಾವಳಿಯ ಆಷಾಢ ಶ್ರಾವಣಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ತೇವ ಒಳಹೊಕ್ಕ ಗಾಜಿನಲ್ಲಿ ಬೂಷ್ಟು ಜೇಡನ ಬಲೆಯಂತೆ ಹಬ್ಬುತ್ತದೆ. ನೀರು ಹೋಗದಂತೆ ಬಿಗಿದು, ಒಳಗೆ ಸಾರಜನಕ ತುಂಬಿದ ದುರ್ಬೀನು ಇಲ್ಲಿ ಐಷಾರಾಮವಲ್ಲ, ಅವಶ್ಯಕತೆ. ನಾಲ್ಕನೆಯದು ಕನ್ನಡಕ. ಕನ್ನಡಕ ತೆಗೆಯದೆ ಪೂರ್ತಿ ದೃಶ್ಯ ಕಾಣಬೇಕಾದರೆ ಗಾಜಿಗೂ ಕಣ್ಣಿಗೂ 15-16 ಮಿಲಿಮೀಟರಾದರೂ ಅಂತರವನ್ನು ಬಿಡುವಂಥ ದುರ್ಬೀನು ಬೇಕು.

ಇದಕ್ಕೆಲ್ಲ ಇಂದಿನ ಪೇಟೆಯಲ್ಲಿ ಬೆಲೆ ಎಷ್ಟು? ನಂಬಿಕೆಯ ತಯಾರಕರ, ನೀರು ತಡೆಯುವ 8×42 ದುರ್ಬೀನು ಹತ್ತು ಹದಿನೈದು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ದೊರೆಯುತ್ತದೆ. ಇಪ್ಪತ್ತೈದು ಮೂವತ್ತು ಸಾವಿರದಲ್ಲಿ ಅದಕ್ಕಿಂತ ಸ್ಪಷ್ಟವಾದದ್ದು ಸಿಗುತ್ತದೆ. ಎರಡು ಲಕ್ಷ ಮೀರಿದವೂ ಉಂಟು. ಅವು ಉತ್ಕೃಷ್ಟವಾದವೇ ಸರಿ. ಆದರೆ ಒಂದೂವರೆ ಸಾವಿರದಿಂದ ಹನ್ನೆರಡು ಸಾವಿರಕ್ಕೆ ಏರಿದಾಗ ಕುರುಡು ಹೋಗಿ ಕಣ್ಣು ಬಂದಂತಾದರೆ, ಮೂವತ್ತು ಸಾವಿರದಿಂದ ಎರಡು ಲಕ್ಷಕ್ಕೆ ಏರಿದಾಗ ಬರುವುದು ಆ ಕಣ್ಣಿಗೆ ಕಾಡಿಗೆ ಮಾತ್ರ.

ಇಲ್ಲಿ ನಮ್ಮ ಹಿಂದಿನ ಪ್ರಶ್ನೆಯನ್ನು ಮತ್ತೆ ಕೇಳೋಣ: ಕೈಕೊಟ್ಟರೆ ಬೆಲೆ ತೆರುವವರು ಯಾರು? ಕಾಳೀ ಕಣಿವೆಯ ಹೆಮ್ಮೆ ಮಂಗಟ್ಟೆ ಹಕ್ಕಿ. ದೊಡ್ಡ ಮಂಗಟ್ಟೆಯ ಉದ್ದ ಸುಮಾರು ಒಂದು ಮೀಟರು. ಮೊಟ್ಟೆಯಿಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕುಳಿತು, ಬಾಗಿಲನ್ನು ಮುಚ್ಚಿ ಬರಿಯ ಒಂದು ಸೀಳನ್ನು ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಅದಕ್ಕೂ ಮುಂದೆ ಮರಿಗೂ ಆ ಸೀಳಿನಲ್ಲೇ ಗಂಡು ಹಣ್ಣು ತಂದು ಉಣಿಸಬೇಕು. ಮರದ ಬುಡದಲ್ಲಿ ಮನುಷ್ಯ ನಿಂತಿದ್ದರೆ ಗಂಡು ಹತ್ತಿರ ಬರಲು ಅಳುಕುತ್ತದೆ. ಒಳಗಿನ ಬಾಣಂತಿ ಹಸಿದಿರುತ್ತಾಳೆ. ಎಂಟು ಪಟ್ಟಿನ ಒಳ್ಳೆಯ ಗಾಜು ಕೈಯಲ್ಲಿದ್ದವನು 80 ಮೀಟರು ಆಚೆ ನಿಂತೇ ಹತ್ತು ಮೀಟರಿನಲ್ಲಿ ಕಂಡಂತೆ ಕಾಣಬಲ್ಲನು. ಮಂಜು ಗಾಜಿನವನು ‘ಇನ್ನೂ ನಾಲ್ಕು ಹೆಜ್ಜೆ’ ಎಂದು ಮುಂದುವರಿಯುತ್ತ ಹೋಗಿ ಮರದ ಬುಡವನ್ನೇ ಸೇರುತ್ತಾನೆ. ಕೋವಿಯ ಗಾಜು ಪ್ರಾಣಿಯನ್ನು ಹತ್ತಿರಕ್ಕೆಳೆಯುವುದು ಕೊಲ್ಲಲಿಕ್ಕೆ. ಈ ಗಾಜಿನ ಉಪಕಾರವೆಂದರೆ ನಮ್ಮನ್ನು ದೂರದಲ್ಲಿಯೇ ನಿಲ್ಲಿಸುವುದು. ಬೆಲೆ ತೀರ ಕಡಿಮೆಯಾದರೆ ಹಕ್ಕಿ ತೆರುತ್ತದೆ. ತೀರ ಹೆಚ್ಚಾದರೆ ಮನೆ ತೆರುತ್ತದೆ; ಅದಲ್ಲದೆ ಎಲ್ಲಿ ಗೀರು ಬೀಳುವುದೋ ಎಂಬ ಭಯದಿಂದ ಗಾಜು ಕಪಾಟಿನಲ್ಲಿಯೇ ಉಳಿಯುತ್ತದೆ.

ಸಹೋದ್ಯೋಗಿಗಳ ಮನೆಯಲ್ಲಿ ಈ ಚರ್ಚೆಯನ್ನು ಮುಗಿಸಿದವರು ಅಜ್ಜನವರು. ಮೊಮ್ಮಗಳು ಮಂಗಟ್ಟೆಯ ವಿಷಯ ಹೇಳುವುದನ್ನೆಲ್ಲ ಕೇಳಿ, “ನನ್ನ ಕೋವಿಗೆ ಹಾಕಿಸ್ತೇನೆ ಅಂದನಲ್ಲ, ಅದಕ್ಕಿಂತ ಇದು ಲೇಸು” ಎಂದು ಮಾವಿನ ಫಸಲಿನ ಹಣದಲ್ಲಿ ಅರ್ಧ ಬೆಲೆ ಕೊಟ್ಟರು. ಉಳಿದರ್ಧ ತಂದೆಯವರದು. ಹನ್ನೆರಡು ಸಾವಿರದ 8×42 ಮನೆಗೆ ಬಂತು. ಈಗ ಸಂಜೆ ಹೊತ್ತು ಜಗಲಿಯ ಮೇಲೆ ಕುಳಿತು ಗದ್ದೆಯಂಚಿನ ಹಂದಿಗಳನ್ನು ಅದರಲ್ಲಿ ಎಣಿಸುವವರು ಅಜ್ಜನವರೇ ಎಂದು ಕೇಳಿದ್ದೇನೆ.

ಕೊಳ್ಳಬಯಸುವ ವಾಚಕರಿಗೆ ಇನ್ನೆರಡು ಮಾತು. ಸಾಧ್ಯವಾದರೆ ಅಂಗಡಿಗೆ ದೀಪ ಹಚ್ಚುವ ಹೊತ್ತಿಗೆ ಹೋಗಿ. ಹೊರಗೆ ನಿಂತು, ಎದುರು ಸೂರಿನ ನೆರಳಿನಲ್ಲಿರುವ ಬೋರ್ಡಿನ ಅಕ್ಷರಗಳನ್ನು ಓದಿ ನೋಡಿ. ಆಕಾಶದ ಎದುರು ಕಾಣುವ ವಿದ್ಯುತ್ ತಂತಿಯ ಅಂಚಿಗೆ ನೇರಳೆ ಬಣ್ಣ ಮೆತ್ತಿಕೊಂಡಂತೆ ಕಂಡರೆ ಗಾಜು ಸಾಧಾರಣದ್ದೆಂದು ತಿಳಿಯಿರಿ. ಐದು ನಿಮಿಷ ಬಿಡದೆ ನೋಡಿರಿ. ಕಣ್ಣು ಸೆಳೆದು ತಲೆ ನೋಯತೊಡಗಿದರೆ ಎರಡು ನಳಿಗೆಗಳು ಒಂದೇ ಕಡೆ ನೋಡುತ್ತಿಲ್ಲವೆಂದು ಅರ್ಥ. ಅದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ತಂದ ಮೇಲೆ ಮಳೆಗಾಲದಲ್ಲಿ ಚರ್ಮದ ಚೀಲದಿಂದ ಹೊರತೆಗೆದು, ತೇವ ಹೀರುವ ಸಿಲಿಕಾ ಪೊಟ್ಟಣಗಳೊಡನೆ ಬಿಗಿಯಾದ ಡಬ್ಬಿಯಲ್ಲಿಡಿ. ಬಿಸಿಲು ಬಿದ್ದ ದಿನವೆಲ್ಲ ಹೊರಗೆ ತಂದು ಬಳಸಿ. ಕತ್ತಲೆಯಲ್ಲಿ ಸುಮ್ಮನೆ ಕುಳಿತ ಗಾಜಿಗೇ ಬೂಷ್ಟು ಬೇಗ ಹಿಡಿಯುವುದು.