ಪಡುವಣ ಬಿಸಿಲೂ ಗಾಜಿನ ಗೋಡೆಯೂ

ಮಧ್ಯಾಹ್ನ ಮೂರು ಗಂಟೆಯ ಪಾಠದಲ್ಲಿ ವಿದ್ಯಾರ್ಥಿಗಳು ತೂಕಡಿಸಿದರೆ ಅಧ್ಯಾಪಕರಾದ ನಾವು ಅವರ ಊಟವನ್ನು ದೂರುತ್ತೇವೆ. ಅವರು ನಮ್ಮ ಪಾಠವನ್ನು ದೂರುತ್ತಾರೆ. ಎರಡರಲ್ಲಿಯೂ ಸ್ವಲ್ಪ ಸತ್ಯವಿರಬಹುದು. ಆದರೆ ಕೊಠಡಿಯನ್ನು ದೂರುವವರು ವಿರಳ. ಬೆಂಗಳೂರಿನ ಅಂಚಿನಲ್ಲಿ ನಾವು ಪಾಠ ಹೇಳುವ ಕೊಠಡಿಯೊಂದರ ಪಡುವಣ ಗೋಡೆ ಬಹುಮಟ್ಟಿಗೆ ಗಾಜಿನದು. ಈಗ ಅದೇ ಆವರಣದಲ್ಲಿ ಮತ್ತೊಂದು ಕಟ್ಟಡದ ನಕ್ಷೆ ಸಿದ್ಧವಾಗುತ್ತಿದೆ. ಅದರ ಮುಖವೂ ರಸ್ತೆಯ ಕಡೆಗೆ, ಎಂದರೆ ಪಡುವಣಕ್ಕೆ. ಅದಕ್ಕೂ ಗಾಜೇ ಶೋಭೆಯಂತೆ. ಗಾಜಿದ್ದರೆ ಕಟ್ಟಡವು ನವೀನವಾಗಿ ಕಾಣುತ್ತದೆಂಬುದು ಹಲವರ ನಂಬಿಕೆ. ನಮ್ಮ ಅಭಿಪ್ರಾಯದಲ್ಲಿ ಇದು ಭೌತಶಾಸ್ತ್ರವನ್ನು ಬಾಗಿಲ ಹೊರಗೆ ನಿಲ್ಲಿಸಿ ಕಟ್ಟುವ ಕಟ್ಟಡ.

ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿದೆಯಷ್ಟೆ. ಡಿಸೆಂಬರ್ 21ರಂದು ಸೂರ್ಯನು ದಕ್ಷಿಣಕ್ಕೆ ಅತ್ಯಂತ ಹೆಚ್ಚಾಗಿ ವಾಲಿರುವಾಗಲೂ ನಡುಹಗಲಿನಲ್ಲಿ ಅವನು ಕ್ಷಿತಿಜದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲೆ 3 ಅಡಿ ಚಾಚಿದ ಸಜ್ಜವಿದ್ದರೆ ಅದರ ನೆರಳು 4 ಅಡಿ ಕೆಳಗಿನವರೆಗೂ ಬೀಳುತ್ತದೆ. ಕಿಟಕಿ ಪೂರ್ತಿ ತಂಪು. ಅದೇ ಸಜ್ಜವನ್ನು ಪಡುವಣ ಕಿಟಕಿಗೆ ಹಾಕಿ ನೋಡಿ. ಸಂಜೆ ಸೂರ್ಯನು 15 ಡಿಗ್ರಿಗೆ ಇಳಿದು ಕಿಟಕಿಯ ನೇರಕ್ಕೆ ಬಂದಾಗ ನೆರಳು ಹತ್ತು ಅಂಗುಲವನ್ನೂ ದಾಟುವುದಿಲ್ಲ. ಪ್ರೌಢಶಾಲೆಯ ತ್ರಿಕೋನಮಿತಿ ಬಲ್ಲ ಯಾರೇ ಆಗಲಿ ಈ ಲೆಕ್ಕವನ್ನು ಕಾಗದದ ಚೂರೊಂದರ ಮೇಲೆ ಮಾಡಬಹುದು.

ಗಾಜಿನ ಗುಣ ಎಲ್ಲರಿಗೂ ತಿಳಿದದ್ದೇ. ಅದು ಬೆಳಕನ್ನು ಒಳಗೆ ಬಿಡುತ್ತದೆ. ಆ ಬೆಳಕಿನಿಂದ ಕಾದ ಮೇಜು, ಬೆಂಚು, ನೆಲಗಳು ಹೊರಸೂಸುವ ದೀರ್ಘತರಂಗದ ಶಾಖವನ್ನು ಹೊರಕ್ಕೆ ಬಿಡುವುದಿಲ್ಲ. ಚಳಿಯ ದೇಶಗಳಲ್ಲಿ ಇದು ವರ, ನಮ್ಮಲ್ಲಿ ಹಾಗಲ್ಲ. ಸ್ವಚ್ಛ ಬಿಸಿಲಿನ ಮಧ್ಯಾಹ್ನ ಪಡುವಣ ಗೋಡೆಯ ಪ್ರತಿ ಚದರ ಮೀಟರಿಗೆ 500 ವಾಟ್ ಬೀಳುತ್ತದೆಂದು ಇಟ್ಟುಕೊಂಡರೆ ಅದು ಅತಿಶಯವಲ್ಲ. ನಮ್ಮ ಕೊಠಡಿಯ ಗಾಜು 20 ಚದರ ಮೀಟರು. ಸಾದಾ ಗಾಜಿನಲ್ಲಿ ಐದರಲ್ಲಿ ನಾಲ್ಕು ಪಾಲು ಒಳಕ್ಕೆ ಬರುತ್ತದೆ. ಎಂದರೆ 8 ಕಿಲೋವಾಟ್. ತರಗತಿಯಲ್ಲಿ ಎಂಟು ವಿದ್ಯುತ್ ಒಲೆಗಳನ್ನು ಹೊತ್ತಿಸಿಟ್ಟು ನ್ಯೂಟನ್ನನ ನಿಯಮಗಳನ್ನು ಬೋಧಿಸಿದಂತೆ! ಪರದೆ ಎಳೆದರೆ ಪ್ರಯೋಜನ ಅಲ್ಪ, ಏಕೆಂದರೆ ಶಾಖವು ಆಗಲೇ ಗಾಜನ್ನು ದಾಟಿ ಬಂದಾಗಿದೆ. ಮೇಲಾಗಿ ಪರದೆ ಎಳೆದ ಮೇಲೆ ಹಾಡುಹಗಲಿನಲ್ಲೇ ದೀಪ ಹಾಕಬೇಕಾಗುತ್ತದೆ. ಶಾಖವನ್ನು ತಡೆಯುವ ಲೇಪನವುಳ್ಳ ಗಾಜುಗಳು ಇವೆ, ನಿಜ. ಆದರೆ ತಪ್ಪು ದಿಕ್ಕಿಗೆ ಗಾಜನ್ನಿಟ್ಟು, ಆ ತಪ್ಪನ್ನು ತಿದ್ದಲು ಇನ್ನೂ ದುಬಾರಿಯಾದ ಗಾಜನ್ನು ಕೊಳ್ಳುವುದು ಯಾವ ಜಾಣತನ?

ಈ ಶಾಖವನ್ನು ಹೊರಹಾಕಲು ಕೊಠಡಿಗೆ ಹವಾನಿಯಂತ್ರಣ ಯಂತ್ರಗಳನ್ನು ಕೂಡಿಸಿದರು. ಯಂತ್ರದ ಒಂದು ಟನ್ ಎಂದರೆ 3.5 ಕಿಲೋವಾಟ್ ಶಾಖವನ್ನು ಹೊರದೂಡುವ ಸಾಮರ್ಥ್ಯ. ಗಾಜಿನ ಪಾಲಿಗೇ ಎರಡು ಟನ್ನಿಗಿಂತ ಹೆಚ್ಚು ಬೇಕು. ಕುಳಿತ ಮನುಷ್ಯನೂ ಸುಮಾರು 100 ವಾಟಿನ ಒಲೆಯೇ ಆದುದರಿಂದ 60 ವಿದ್ಯಾರ್ಥಿಗಳ ಪಾಲು ಬೇರೆ. ವಿದ್ಯುತ್ತಿನ ವೆಚ್ಚವನ್ನು ಕಚೇರಿಯವರು ನೋಡಿಕೊಳ್ಳಲಿ. ನಮ್ಮ ಚಿಂತೆ ಗಾಳಿಯದು. ಯಂತ್ರ ನಡೆಯುವಾಗ ಕಿಟಕಿಗಳನ್ನು ಮುಚ್ಚುತ್ತಾರೆ. ಗೋಡೆಗೆ ತೂಗುಹಾಕುವ ಸಾಮಾನ್ಯ ಯಂತ್ರವು ಹೊರಗಿನ ಗಾಳಿಯನ್ನು ಒಳಗೆ ತರುತ್ತದೆಂದು ಬಹುಮಂದಿ ಭಾವಿಸಿದ್ದಾರೆ. ಅದು ತಪ್ಪು. ಅದು ಒಳಗಿನ ಗಾಳಿಯನ್ನೇ ತಂಪುಮಾಡಿ ಮತ್ತೆ ಮತ್ತೆ ಸುತ್ತಿಸುತ್ತದೆ, ಅಷ್ಟೆ.

ಕುಳಿತು ಕೇಳುವ ಒಬ್ಬನು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಅರುವತ್ತು ಮಂದಿಯದು ಒಂದು ಘನ ಮೀಟರಿಗೂ ಮಿಕ್ಕಿತು. ಕೊಠಡಿಯ ಗಾತ್ರ ಸುಮಾರು 280 ಘನ ಮೀಟರು. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 420ಕ್ಕೂ ಸ್ವಲ್ಪ ಮೇಲಿರುವ ಈ ಅನಿಲ, ಬಿಗಿಯಾಗಿ ಮುಚ್ಚಿದ ಕೊಠಡಿಯಲ್ಲಿ ಒಂದು ಗಂಟೆಯ ಕೊನೆಗೆ 4000ವನ್ನು ಮೀರಬಲ್ಲದು. ಬಾಗಿಲ ಸಂದುಗಳಿಂದ ಒಂದಿಷ್ಟು ಸೋರಿಹೋಗುತ್ತದೆಂದು ಕಳೆದರೂ ಉಳಿಯುವುದು ಕಡಿಮೆಯೇನಲ್ಲ. 1858ರಲ್ಲಿಯೇ ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ ಹತ್ತು ಲಕ್ಷಕ್ಕೆ 1000 ಎಂಬ ಮಿತಿಯನ್ನು ಸೂಚಿಸಿದ್ದನು. ಆ ಪ್ರಮಾಣದಲ್ಲಿ ಅನಿಲವೇ ವಿಷವೆಂದಲ್ಲ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆಂಬುದಕ್ಕೆ ಅದು ಸೂಚಕ. ಒಬ್ಬನ ನೆಗಡಿ ವಾರದೊಳಗೆ ತರಗತಿಯನ್ನೆಲ್ಲ ಹಬ್ಬುವುದರಲ್ಲಿ ಆಶ್ಚರ್ಯವೇನು?

ಇಷ್ಟನ್ನು ಹೇಳಿದೊಡನೆ ನಮ್ಮನ್ನು ಹಳೆಯದರ ಭಕ್ತರೆಂದು ಬಗೆಯಬಾರದು. ಬಯಲುಸೀಮೆಯ ಮಣ್ಣಿನ ಮನೆಯ ಒಂದೂವರೆ ಅಡಿಯ ಗೋಡೆಯನ್ನು ಹಗಲಿನ ಶಾಖವು ದಾಟಲು 12 ಗಂಟೆಗೂ ಹೆಚ್ಚು ಬೇಕು. 9 ಅಂಗುಲದ ಇಟ್ಟಿಗೆಯ ಗೋಡೆಗೆ ಸುಮಾರು 7 ಗಂಟೆ. ದಪ್ಪ ಗೋಡೆಯ ಮನೆಯಲ್ಲಿ ಬಿಸಿಲು ಒಳಮುಟ್ಟುವ ವೇಳೆಗೆ ಹೊರಗೆ ತಂಪು ರಾತ್ರಿ. ಇದು ಒಪ್ಪತಕ್ಕ ಗುಣ. ಆದರೆ ಅಂತಹ ಎಷ್ಟೋ ಮನೆಗಳ ಅಡುಗೆಮನೆ ಕತ್ತಲೆಯ, ಹೊಗೆಯ ಗೂಡು. ನಮ್ಮ ಅಜ್ಜಿಯರ ಕಣ್ಣು, ಎದೆಗಳು ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಕರಾವಳಿಯಲ್ಲಿ ದಪ್ಪ ಗೋಡೆಯೂ ಅಷ್ಟು ಫಲಿಸದು, ಅಲ್ಲಿ ಹಗಲಿರುಳುಗಳ ಉಷ್ಣತೆಗೆ ಹೆಚ್ಚು ಅಂತರವಿಲ್ಲ. ಅಲ್ಲಿ ಬೇಕಾದದ್ದು ಗಾಳಿಯಾಡುವ ಹೆಂಚಿನ ಮಾಡು, ಅಗಲವಾದ ಜಗಲಿ. ಹಳೆಯದನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಮಾರ್ಗವನ್ನು ನಮ್ಮಲ್ಲಿಯೇ ತೋರಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ಅಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ, ಸುಡಬೇಕಾಗಿಲ್ಲದ ಇಟ್ಟಿಗೆಯನ್ನೂ ಹೊಗೆಕೊಳವೆಯುಳ್ಳ ಸೌದೆಯೊಲೆಯನ್ನೂ ಬಳಕೆಗೆ ತಂದಿತು. ಒಂದು ಕಟ್ಟುವ ಶಕ್ತಿಯನ್ನು ಉಳಿಸಿತು, ಇನ್ನೊಂದು ಮನೆಯೊಳಗಿನ ಗಾಳಿಯನ್ನು.

ಹೊಸ ಕಟ್ಟಡಕ್ಕೆ ನಾವು ಕೇಳುವುದು ಇಷ್ಟೆ. ತರಗತಿಗಳ ಕಿಟಕಿಗಳು ಉತ್ತರ ದಕ್ಷಿಣಗಳಿಗಿರಲಿ, ಎದುರುಬದುರಾಗಿರಲಿ, ಸೊಳ್ಳೆಯ ಜಾಲರಿಯೊಡನೆ ತೆರೆಯುವಂತಿರಲಿ. ಪಡುವಣಕ್ಕೆ ಮೆಟ್ಟಿಲು, ಉಗ್ರಾಣ, ಶೌಚಾಲಯಗಳಿರಲಿ; ಅವು ಬಿಸಿಲನ್ನು ಉಣ್ಣಲಿ. ತಾರಸಿಗೆ ಬಿಳಿಯ ಸುಣ್ಣ ಬಳಿಯಲಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ಊರಿನಲ್ಲಿ ವರ್ಷದ ಬಹುಪಾಲು ಬೀಸಣಿಗೆಯೊಂದೇ ಸಾಕಾಗುತ್ತದೆ. ರಸ್ತೆಯ ಕಡೆಯ ಮುಖಕ್ಕೆ ಅಂದ ಬೇಡವೆ ಎಂದು ಕೇಳುವವರಿಗೆ, ಇಟ್ಟಿಗೆಯ ಜಾಲಂದ್ರವೂ ಹೊಂಗೆಯ ಸಾಲೂ ಅಂದವಲ್ಲವೆ ಎಂದು ಕೇಳುತ್ತೇವೆ. ಮುಂದಿನ ತಿಂಗಳು ನಕ್ಷೆಯನ್ನು ಚರ್ಚಿಸುವ ಸಭೆಯಿದೆ. ಅದಕ್ಕೆ ಮೊದಲು ನಮ್ಮ ವಿದ್ಯಾರ್ಥಿಗಳು ಎರಡು ಉಷ್ಣಮಾಪಕಗಳನ್ನು, ಒಂದನ್ನು ಗಾಜಿನ ಕೊಠಡಿಯಲ್ಲಿಯೂ ಇನ್ನೊಂದನ್ನು ಅದರ ಉತ್ತರ ಮಗ್ಗುಲಿನ ಕೊಠಡಿಯಲ್ಲಿಯೂ ತೂಗುಹಾಕಿ, ಗಂಟೆಗೊಮ್ಮೆ ಬರೆದಿಡಲು ಒಪ್ಪಿದ್ದಾರೆ. ಆ ಪಟ್ಟಿಯನ್ನು ಸಭೆಯ ಮೇಜಿನ ಮೇಲೆ ಇಡುತ್ತೇವೆ.