ಕಳ್ಳ ಅಂತ ಕರೆದವರು ಯಾರು?



ಏಳನೇ ಕ್ಲಾಸಿನಲ್ಲಿ ಲೆಕ್ಕ ತಪ್ಪಿದಾಗ ಮೇಷ್ಟ್ರು ನನಗೆ ಅಂದದ್ದು ಒಂದೇ ಮಾತು: 'ಹೋಗೋ, ದನ ಕಾಯೋಕೆ ಹೋಗು.' ನಿಮ್ಮಲ್ಲಿ ಎಷ್ಟು ಜನರ ಮೇಲೆ ಈ ಮಾತು ಬಿದ್ದಿಲ್ಲ ಹೇಳಿ. ನಮ್ಮಪ್ಪ ಚಿಕ್ಕಂದಿನಲ್ಲಿ ಧಣಿ ಮನೆಯ ದನ ಕಾದವನು. ಹಾಗಾಗಿ ಆ ಮಾತು ನನಗೊಬ್ಬನಿಗೇ ತಾಗಿದ್ದಲ್ಲ. ಅದೇ ನಾನು ಹಾಸ್ಟೆಲ್ಲಿಗೆ ಬಂದ ಮೇಲೆ ಗೆಳೆಯರ ಜೊತೆ ಕೂತು ಕೌಬಾಯ್ ಸಿನಿಮಾ ನೋಡಿ ಶಿಳ್ಳೆ ಹೊಡೆದೆ. ಟೋಪಿ, ಕುದುರೆ, ಸೊಂಟದಲ್ಲಿ ಪಿಸ್ತೂಲು. ಕೌಬಾಯ್ ಅಂದ್ರೆ ದನ ಕಾಯೋ ಹುಡುಗ ಅಂತ ನಮ್ಮಲ್ಲಿ ಒಬ್ಬನಿಗೂ ಹೊಳೀಲಿಲ್ಲ. ಅಮೆರಿಕದಲ್ಲಿ ಕಾದರೆ ಹೀರೋ, ಇಲ್ಲಿ ಕಾದರೆ ಬೈಗುಳ.

ಆದರೆ ಅಲ್ಲಿಯೂ ಅವನು ಹೀರೋ ಆಗಿರಲಿಲ್ಲ ಕಣ್ರೋ. ತಿಂಗಳಿಗೆ ಮೂವತ್ತು ನಲವತ್ತು ಡಾಲರಿಗೆ ದುಡಿಯೋ ಆಳು ಅವನು. ಮಳೆಯಲ್ಲಿ, ಹಿಮದಲ್ಲಿ ಬೇರೆಯವರ ದನದ ಹಿಂದೆ ಓಡಬೇಕು. ಚಳಿಗಾಲ ಬಂದರೆ ಅರ್ಧಕ್ಕರ್ಧ ಜನಕ್ಕೆ ಕೆಲಸವೂ ಇಲ್ಲ. ವಯೋಮಿಂಗ್‌ನಲ್ಲಿ ಕೂಲಿ ಕಡಿತ ಮಾಡಿದಾಗ 1886ರಲ್ಲಿ ಈ ಹುಡುಗರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕೌಬಾಯ್‌ಗಳು ಮುಷ್ಕರ ಹೂಡಿದ ಸಿನಿಮಾ ನೀವು ಯಾವತ್ತಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ.

ಅಲ್ಲಿಯ ದನದ ಧಣಿಗಳ ಹಿಕಮತ್ತು ಸ್ವಲ್ಪ ಕೇಳಿ. ಹುಲ್ಲುಗಾವಲು ಇವರದ್ದಲ್ಲ, ಸರ್ಕಾರದ್ದು. ಅದರ ಮೇಲೆ ಸಾವಿರಾರು ದನ ಬಿಟ್ಟು ಬಿಟ್ಟಿ ಮೇಯಿಸಿ ಲಾಭ ಮಾಡಿಕೊಂಡರು. 1862ರ ಹೋಮ್‌ಸ್ಟೆಡ್ ಕಾನೂನಿನ ಪ್ರಕಾರ ಬಡವ ಬಂದು 160 ಎಕರೆ ಹಿಡಿದು ಉಳುಮೆ ಮಾಡಬಹುದಿತ್ತು. ಹಾಗೆ ಬಂದವನು ಇವರ ಕಣ್ಣಿಗೆ ಅತಿಕ್ರಮಣಕಾರ. ದನಕ್ಕೆ ಕಾದ ಕಬ್ಬಿಣದಲ್ಲಿ ಬರೆ ಹಾಕಿ ಗುರುತು ಮಾಡುವುದು ಅಲ್ಲಿಯ ಪದ್ಧತಿ. ಬರೆ ಇಲ್ಲದೆ, ತಾಯಿ ಇಲ್ಲದೆ ಅಲೆಯೋ ಕರುವಿಗೆ ಮಾವೆರಿಕ್ ಅಂತಾರೆ. ಮೊದಲೆಲ್ಲ ಅಂಥ ಕರುವಿಗೆ ಯಾರು ಬರೆ ಹಾಕಿದರೆ ಅವರದ್ದು. ಧಣಿಗಳ ಹಿಂಡು ದೊಡ್ಡದಾಗಿದ್ದೂ ಎಷ್ಟೋ ಕಡೆ ಹೀಗೆಯೇ. 1884ರಲ್ಲಿ ಧಣಿಗಳ ಸಂಘ (ವಯೋಮಿಂಗ್ ಸ್ಟಾಕ್ ಗ್ರೋವರ್ಸ್ ಅಸೋಸಿಯೇಷನ್ ಅಂತ ಅದರ ಹೆಸರು) ಶಾಸನಸಭೆಯಿಂದ ಒಂದು ಕಾನೂನು ಮಾಡಿಸಿತು. ಇನ್ನು ಮುಂದೆ ಬರೆ ಇಲ್ಲದ ಕರುಗಳೆಲ್ಲ ಸಂಘದ ಕೈಗೆ ಹೋಗಿ ಹರಾಜಾಗಬೇಕು. ನಿನ್ನೆವರೆಗೆ ಪದ್ಧತಿಯಾಗಿದ್ದದ್ದು ಇವತ್ತಿನಿಂದ ಕಳ್ಳತನ! ಇಷ್ಟೇ ಅಲ್ಲ. ಸ್ವಂತ ದನ ಇಟ್ಟುಕೊಂಡ ಕೌಬಾಯ್‌ಗೆ ಸಂಘದ ಸದಸ್ಯರು ಯಾರೂ ಕೆಲಸ ಕೊಡಕೂಡದು ಅಂತ ಕಪ್ಪುಪಟ್ಟಿ ಮಾಡಿದರು. ಆಳು ಆಳಾಗಿಯೇ ಇರಬೇಕು, ಅವನ ಕೊಟ್ಟಿಗೆಯಲ್ಲಿ ನಾಕು ದನ ಕಂಡರೆ ಅವನು ಕದ್ದೇ ಇರಬೇಕು. ಈ ತರ್ಕ ನಮಗೇನು ಹೊಸದಾ?

1886-87ರ ಚಳಿಗಾಲದಲ್ಲಿ ಹಿಮಕ್ಕೆ ಸಿಕ್ಕಿ ದನಗಳು ರಾಶಿ ರಾಶಿ ಸತ್ತವು. ನಷ್ಟವಾದ ಧಣಿಗಳ ಸಿಟ್ಟು ಸಣ್ಣವರ ಮೇಲೆ ತಿರುಗಿತು. 1889ರ ಜುಲೈ 20ರಂದು ಎಲಾ ವಾಟ್ಸನ್ ಅನ್ನೋ ಹೆಂಗಸನ್ನೂ ಜಿಮ್ ಆವೆರೆಲ್ ಅನ್ನೋನನ್ನೂ ಮರಕ್ಕೆ ನೇಣು ಹಾಕಿದರು. ಆಕೆ ಮಾಡಿದ ತಪ್ಪೇನು? ಧಣಿ ಹಿಡಿದಿಟ್ಟುಕೊಂಡಿದ್ದ ಹುಲ್ಲುಗಾವಲಿನ ನಡುವೆ ಕಾನೂನು ಪ್ರಕಾರ ಜಮೀನು ಹಿಡಿದದ್ದು. ಕೆಲವೇ ದಿನಗಳಲ್ಲಿ ಧಣಿಗಳ ಪರವಾದ ಪತ್ರಿಕೆಗಳು ಆಕೆಯನ್ನು ಸೂಳೆ ಅಂದವು, ದನಗಳ್ಳಿ ಅಂದವು. ಕೊಂದವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಹೆಂಗಸನ್ನು ಮೊದಲು ಕೊಲ್ಲೋದು, ಆಮೇಲೆ ಅವಳ ನಡತೆ ಕೆಡಿಸೋದು. ಇದನ್ನು ಬರೆಯುವಾಗ ನನ್ನ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಆಮೇಲೆ 1892ರ ಏಪ್ರಿಲ್. ಶೈಯಾನ್ ಪಟ್ಟಣದಿಂದ ಒಂದು ವಿಶೇಷ ರೈಲು ಹೊರಟಿತು. ಅದರಲ್ಲಿ ಐವತ್ತು ಜನ: ಧಣಿಗಳು, ಅವರ ಮೇಸ್ತ್ರಿಗಳು, ಟೆಕ್ಸಾಸ್‌ನಿಂದ ಕರೆಸಿದ ಬಾಡಿಗೆ ಬಂದೂಕಿನವರು. ಬಾಡಿಗೆಯವರಿಗೆ ದಿನಕ್ಕೆ 5 ಡಾಲರ್, ಬಿದ್ದ ಹೆಣಕ್ಕೆ ತಲಾ 50 ಡಾಲರ್ ಇನಾಮು. ಒಬ್ಬ ಡಾಕ್ಟರೂ ಇದ್ದ, ಪತ್ರಿಕೆಯವರೂ ಇದ್ದರು. ಕೊಲ್ಲಬೇಕಾದವರ ಹೆಸರಿನ ಪಟ್ಟಿಯೂ ಇತ್ತು. ಜಾನ್ಸನ್ ಕೌಂಟಿಯ ಟೆಲಿಗ್ರಾಫ್ ತಂತಿ ಕತ್ತರಿಸಿದರು. ಏಪ್ರಿಲ್ 9ರ ಬೆಳಗ್ಗೆ ಕೆ.ಸಿ. ರಾಂಚ್ ಅನ್ನೋ ಕಡೆ ಒಂದು ಮರದ ಗುಡಿಸಲನ್ನು ಮುತ್ತಿದರು. ಒಳಗಿದ್ದವರು ನೇಟ್ ಚಾಂಪಿಯನ್, ನಿಕ್ ರೇ. ಚಾಂಪಿಯನ್ ಧಣಿಗಳ ಬಳಿ ದುಡಿದು ಆಮೇಲೆ ಸ್ವಂತಕ್ಕೆ ಒಂದು ಸಣ್ಣ ಹಿಂಡು ಕಟ್ಟಿಕೊಂಡವನು. ನಿಕ್ ರೇ ಬಾಗಿಲಾಚೆ ಬಂದ ಕೂಡಲೇ ಗುಂಡು ಬಿತ್ತು. ಚಾಂಪಿಯನ್ ಅವನನ್ನು ಒಳಗೆ ಎಳೆದುಕೊಂಡ. ಇಡೀ ದಿನ ಒಬ್ಬನೇ ಕಾದಾಡಿದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಬಂದೂಕಲ್ಲ. ಗುಂಡಿನ ನಡುವೆ ಅವನು ಒಂದು ಸಣ್ಣ ಪುಸ್ತಕದಲ್ಲಿ ಬರೀತಾ ಇದ್ದ. ಗೆಳೆಯ ಇನ್ನೂ ಬದುಕಿದ್ದಾನೆ, ಗೆಳೆಯ ಸತ್ತ, ಒಂಟಿ ಅನಿಸ್ತಾ ಇದೆ, ಮನೆಗೆ ಬೆಂಕಿ ಇಟ್ಟಿದ್ದಾರೆ, ಹುಡುಗರಿಗೆ ವಿದಾಯ. ಹೀಗೆ. ಮಧ್ಯಾಹ್ನ ಹೊಗೆ ತಡೆಯಲಾರದೆ ಹೊರಗೆ ಓಡಿದ. ಮೈತುಂಬ ಗುಂಡು. ಕೊಂದವರು ಹೆಣದ ಎದೆಗೆ ದನಗಳ್ಳರಿಗೆ ಎಚ್ಚರಿಕೆ ಅಂತ ಚೀಟಿ ಚುಚ್ಚಿದರು. ಪುಸ್ತಕ ಅವರಿಗೇ ಸಿಕ್ಕಿತು, ಜೊತೆಗಿದ್ದ ಚಿಕಾಗೋದ ವರದಿಗಾರನ ಮೂಲಕ ಪತ್ರಿಕೆಯಲ್ಲಿ ಅಚ್ಚಾಯಿತು. ಅಚ್ಚಾದದ್ದು ಉಳಿದಿದೆ, ಅವನ ಕೈಬರಹ ಉಳಿದಿಲ್ಲ. ಕಳ್ಳ ಅನ್ನೋ ಚೀಟಿ ಬರೆದವರಿಗೆ ದೊಡ್ಡ ದೊಡ್ಡ ವಕೀಲರಿದ್ದರು. ಇವನಿಗೆ ಇದ್ದದ್ದು ಆ ಪುಸ್ತಕ ಒಂದೇ.

ಸುದ್ದಿ ಹಬ್ಬಿತು. ಬಫೆಲೊ ಊರಿನ ಷೆರೀಫ್ ರೆಡ್ ಆಂಗಸ್ ಜೊತೆ ಇನ್ನೂರಕ್ಕೂ ಹೆಚ್ಚು ಜನ ಸೇರಿ ಈ ಪಡೆಯನ್ನು ಟಿ.ಎ. ರಾಂಚ್‌ನಲ್ಲಿ ಮುತ್ತಿದರು. ಇನ್ನೇನು ಸಿಕ್ಕಿಬಿದ್ದರು ಅನ್ನುವಾಗ, ಏಪ್ರಿಲ್ 13ರಂದು, ಅಧ್ಯಕ್ಷ ಹ್ಯಾರಿಸನ್ ಆಜ್ಞೆಯ ಮೇಲೆ ಸೈನ್ಯ ಬಂತು. ಯಾರನ್ನು ಉಳಿಸೋಕೆ? ಧಣಿಗಳನ್ನು! ಗವರ್ನರ್, ಸೆನೆಟರ್‌ಗಳು ಎಲ್ಲರೂ ತಂತಿ ಕಳಿಸಿದ್ದರು. ಕಣ್ಣಾರೆ ಕಂಡ ಸಾಕ್ಷಿಗಳಿಬ್ಬರನ್ನು ರಾಜ್ಯದಿಂದಾಚೆ ಸಾಗಿಸಿದರು. ಜಾಮೀನು ಪಡೆದ ಟೆಕ್ಸಾಸ್‌ನವರು ಮಾಯವಾದರು. ಆರೋಪಿಗಳ ಖರ್ಚು ಭರಿಸಲು ಬಡ ಕೌಂಟಿಯ ಹತ್ತಿರ ಹಣವಿಲ್ಲ. 1893ರ ಜನವರಿಯಲ್ಲಿ ಮೊಕದ್ದಮೆ ಬಿದ್ದುಹೋಯಿತು.

ಇಷ್ಟಕ್ಕೇ ಚಾಂಪಿಯನ್‌ಗೆ ಜೈ ಅಂದುಬಿಡೋಣ ಅಂತ ನನಗೂ ಆಸೆ. ಆದರೆ ಪೌಡರ್ ನದಿಯ ಆ ಹುಲ್ಲುಗಾವಲು ಧಣಿಯದ್ದೂ ಅಲ್ಲ, ಚಾಂಪಿಯನ್‌ದೂ ಅಲ್ಲ. ಲಕೋಟಾ, ಶೈಯಾನ್ ಜನರ ಬೇಟೆಯ ನೆಲ ಅದು. 1868ರ ಒಪ್ಪಂದದಲ್ಲಿ ಮಾತು ಕೊಟ್ಟು, ಹತ್ತು ವರ್ಷ ತುಂಬುವ ಮೊದಲೇ ಸೈನ್ಯ ಬಿಟ್ಟು ಕಿತ್ತುಕೊಂಡರು. ಅವರ ಅನ್ನವಾಗಿದ್ದ ಕಾಡೆಮ್ಮೆಗಳನ್ನು ಚರ್ಮಕ್ಕಾಗಿ ಕೊಂದು ಮುಗಿಸಿದರು. ಆ ಖಾಲಿ ಹುಲ್ಲಿನ ಮೇಲೇ ಈ ದನಗಳು ಬಂದದ್ದು. ಸಣ್ಣವನೂ ಅದೇ ನೆಲದ ಮೇಲೆ ನಿಂತು ತನ್ನ ಹಕ್ಕು ಕೇಳಿದ. ಅವನ ಸಿಟ್ಟು ನಿಜ. ಆ ನೆಲದಿಂದ ಓಡಿಸಿದವರ ಹೆಸರು ಅವನ ಬಾಯಲ್ಲೂ ಬರಲಿಲ್ಲ ಅನ್ನೋದನ್ನೂ ನಾವು ಬಿಡಬಾರದು.

ಇನ್ನೊಂದು ಮಾತು. ಟೆಕ್ಸಾಸ್‌ನಿಂದ ದನ ಹೊಡೆದುಕೊಂಡು ಹೋದ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬ ಕರಿಯ ಅಂತ ಚರಿತ್ರೆಕಾರರ ಅಂದಾಜು. ಗುಲಾಮನಾಗಿ ಹುಟ್ಟಿದ ನ್ಯಾಟ್ ಲವ್ ಕೌಬಾಯ್ ಆಗಿ 1907ರಲ್ಲಿ ತನ್ನ ಆತ್ಮಕಥೆಯನ್ನೇ ಬರೆದ. ನಾವು ಶಿಳ್ಳೆ ಹೊಡೆದ ಸಿನಿಮಾಗಳಲ್ಲಿ ಅವನು ಎಲ್ಲಿ? ತೆರೆ ತುಂಬ ಬಿಳಿ ಮುಖ.

ಇದು ಸುಮ್ಮನೆ ಆದದ್ದಲ್ಲ. ಏಸಾ ಮರ್ಸರ್ ಅಂತ ಒಬ್ಬ ಪತ್ರಿಕೆಯವನು, ಮೊದಲು ಧಣಿಗಳ ಪರವಾಗಿಯೇ ಬರೀತಿದ್ದವನು, 1894ರಲ್ಲಿ ಧಣಿಗಳ ದಾಳಿಯನ್ನೆಲ್ಲ ಬಯಲು ಮಾಡಿ ಪುಸ್ತಕ ಬರೆದ. 'ದಿ ಬ್ಯಾಂಡಿಟ್ಟಿ ಆಫ್ ದಿ ಪ್ಲೇನ್ಸ್' ಅಂತ. ಅದು ಜನರ ಕೈಗೆ ಹೋಗದ ಹಾಗೆ ಹತ್ತಿಕ್ಕಿದರು. ಎಂಟು ವರ್ಷದ ನಂತರ, 1902ರಲ್ಲಿ, ಧಣಿಗಳ ಸ್ನೇಹಿತ ಓವನ್ ವಿಸ್ಟರ್ 'ದಿ ವರ್ಜೀನಿಯನ್' ಕಾದಂಬರಿ ತಂದ. ಅದರಲ್ಲಿ ದನಗಳ್ಳರನ್ನು ನೇಣು ಹಾಕೋನೇ ಹೀರೋ. ಅದು ಲಕ್ಷಗಟ್ಟಲೆ ಮಾರಾಟವಾಯಿತು, ಮತ್ತೆ ಮತ್ತೆ ಸಿನಿಮಾ ಆಯಿತು. ಮರ್ಸರ್‌ನ ಪುಸ್ತಕವೂ ಆಮೇಲೆ ಮರುಮುದ್ರಣವಾಗಿದೆ. ನಮ್ಮ ಹಾಸ್ಟೆಲ್ ಲೈಬ್ರರಿಯಲ್ಲಿ ಇಲ್ಲ, ಹುಡುಕಿ ಆಯ್ತು. ನಿಮ್ಮ ಕಡೆ ಯಾರಿಗಾದರೂ ಸಿಕ್ಕರೆ ಒಬ್ಬರೇ ಓದಿ ಮುಚ್ಚಿಡಬೇಡಿ. ರಾತ್ರಿ ಊಟ ಆದ ಮೇಲೆ ರೂಮಿನವರಿಗೆಲ್ಲ ಕನ್ನಡದಲ್ಲಿ ಓದಿ ಹೇಳಿ.