ಮಕ್ಕಳ ಅಂಗಳ: ಸೊನ್ನೆ ಪಡೆದವರೇ ಜಾಣರು



ಇಂಗ್ಲೆಂಡಿನಲ್ಲಿ ಐದಾರು ವರ್ಷದ ಮಕ್ಕಳಿಗೂ ಮೋಟಾರ್‌ಸೈಕಲ್ ಟ್ರಯಲ್ಸ್ ನಡೆಯುತ್ತದೆಂದರೆ ನಮ್ಮವರು ಹೌಹಾರುತ್ತಾರೆ. ಇದು ರೇಸ್ ಅಲ್ಲ, ವೇಗಕ್ಕೆ ಬೆಲೆಯಿಲ್ಲ. ಗುರುತು ಹಾಕಿದ ಚಿಕ್ಕ ದಾರಿಯಲ್ಲಿ ಕಲ್ಲು, ಬೇರು, ದಿಣ್ಣೆಗಳನ್ನು ಕಾಲೂರದೆ ದಾಟಬೇಕು, ಅಷ್ಟೆ. ಒಮ್ಮೆ ಕಾಲೂರಿದರೆ 1 ಅಂಕ, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚಾದರೆ 3, ಗಡಿ ದಾಟಿದರೆ 5. ಅಂಕ ಕಡಿಮೆಯಾದಷ್ಟೂ ಮೇಲು. ನೂರಕ್ಕೆ ನೂರು ಬೇಕೆನ್ನುವ ನಮ್ಮ ಮನೆಗಳಿಗೆ ಸೊನ್ನೆಯ ಬಹುಮಾನ!

ನಡೆಸಲು ಹೊರಟವರಿಗೆ ನಮ್ಮ ಮಾತಿಷ್ಟು. ಪ್ರಯೋಗಶಾಲೆಗೆ ಬಂದ ಹೊಸಬರ ಕೈಗೆ ನಾವು ಮೊದಲ ದಿನವೇ ಗಾಢ ಆಮ್ಲ ಕೊಡುವುದಿಲ್ಲವಷ್ಟೆ? ಹಾಗೆಯೇ ಮೊದಲ ದಾರಿ ಒಣ ಹುಲ್ಲಿನ ಮೇಲೆ, ಅಗಲ ತಿರುವುಗಳಲ್ಲಿ ಇರಲಿ. ಬ್ಯಾಟರಿ ಬೈಕಿನ ಶಕ್ತಿಯನ್ನು ತಗ್ಗಿಸಿಡಿ. ಹೆಲ್ಮೆಟ್, ಕೈಗವಸು, ಬೂಟು ಇಲ್ಲದೆ ಯಾರೂ ಹತ್ತಬಾರದು. ಬೀಳುವಂಥ ಜಾಗದಲ್ಲಿ ದೊಡ್ಡವರೊಬ್ಬರು ನಿಂತಿರಲಿ. ಅಂಕ ಬರೆಯುವ ಕೆಲಸ ಆ ಮಗುವಿನ ತಂದೆತಾಯಿಗೆ ಬೇಡ.

ಮುಖ್ಯವಾಗಿ, ಬದಿಯಲ್ಲಿ ನಿಂತು ಕೂಗಬೇಡಿ. ಕೂಗಿದರೆ ಮಗು ದಾರಿ ಬಿಟ್ಟು ಅಪ್ಪನ ಮುಖ ನೋಡುತ್ತದೆ. ನೋಡಿದ ಕಡೆಗೇ ಗಾಡಿ ತಿರುಗುತ್ತದೆ. ಮನೆಗೆ ಮರಳುವಾಗ ಮಗು “ಮತ್ತೆ ಯಾವಾಗ?” ಎಂದು ಕೇಳಿದರೆ ಕೂಟ ಗೆದ್ದಂತೆ.